ಅಡ್ಡಕ್ಕೂ ಉದ್ದಕ್ಕೂ

ಕಾಗದ ತುಟ್ಟಿ, ಅಂಚೆ ಇನ್ನೂ ತುಟ್ಟಿ.
ಅದಕ್ಕೇ ಮೊದಲು ಅಡ್ಡಕ್ಕೆ ಬರೆದೆ,
ಹಾಳೆ ತುಂಬಿದ ಮೇಲೆ ಕಾಲು ಸುತ್ತು ತಿರುಗಿಸಿ
ಬರೆದದ್ದರ ಮೇಲೆಯೇ ಉದ್ದಕ್ಕೆ.
ನೇಯುವವಳ ಮಗಳು ನಾನು,
ಹಾಸುಹೊಕ್ಕನ್ನು ಯಾರೂ ಕಲಿಸಬೇಕಿರಲಿಲ್ಲ.

ಅಡ್ಡ ಸಾಲುಗಳಲ್ಲಿ ಎಲ್ಲ ಚೆನ್ನ:
ಸ್ಯಾನ್‌ಪೀಟ್ ಕಣಿವೆಯಲ್ಲಿ ಗೋಧಿ ಮೊಣಕಾಲೆತ್ತರ,
ಮಣ್ಣಿಟ್ಟಿಗೆಯ ಮನೆಗೆ ಈ ಸಲ ಕಿಟಕಿ ಬಂತು,
ಸೆವೆರಿನ್‌ನ ಮುರಿದ ಕೈ ಕೂಡಿಕೊಂಡಿತು.
ಇಲ್ಲಿ ಎಲ್ಲರೂ ಸಂತರು, ಅವ್ವ, ನಗಬೇಡ,
ನಾವು ಹಾಗೆಂದೇ ಕರೆದುಕೊಳ್ಳುತ್ತೇವೆ,
ಕಾಲುವೆ ನೀರಿನ ಸರದಿಗೆ ಗುದ್ದಾಡುವಾಗಲೂ.

ಉದ್ದ ಸಾಲು ಬೇರೆ.
ಕೈಗಾಡಿಯ ಗಾಲಿ ಕಿರುಗುಟ್ಟದಿರಲೆಂದು
ಅಚ್ಚಿಗೆ ಹಂದಿಕೊಬ್ಬು ಸವರಿದೆವು,
ಆಮೇಲೊಂದು ದಿನ ಆ ಕೊಬ್ಬನ್ನೇ
ಬೆರಳಿಂದ ಕೆರೆದು ನೆಕ್ಕಿದೆವು.
ಪ್ಲಾಟ್ ನದಿಯ ದಂಡೆಯಲ್ಲಿ, ಮೊಳೆಯ ಪೆಟ್ಟಿಗೆಯೊಳಗೆ,
ಹನ್ನೊಂದು ದಿನದ ಯೆನ್ಸಿನೆ.
ತೋಳ ಕೆದಕದಂತೆ ಮೇಲೆ ಬೆಂಕಿ ಹಾಕಿದರು,
ಬೂದಿ ಆರಿದ ಮೇಲೆ ನಲವತ್ತು ಗಾಡಿ ಹಾಯಿಸಿದರು.
ನನ್ನದೂ ಒಂದು.

ಇದನ್ನು ಒಮ್ಮೆ ಮಾತ್ರ ಬರೆದೆ,
ಅಕ್ಷರದ ಮೇಲೆ ಅಕ್ಷರ ಬಿದ್ದು
ಅವಳಿಗೆ ಕಾಣದೇ ಹೋಗಲಿ ಎಂದೋ ಏನೋ.
ಸೆವೆರಿನ್ ಇನ್ನೊಬ್ಬಳನ್ನು ಮನೆಗೆ ತಂದದ್ದು
ಅಡ್ಡಕ್ಕೂ ಬರೆಯಲಿಲ್ಲ, ಉದ್ದಕ್ಕೂ ಬರೆಯಲಿಲ್ಲ.

ಅವ್ವನ ಉತ್ತರಕ್ಕೆ ನಾಲ್ಕು ತಿಂಗಳು,
ಕಣಿವೆಗೆ ಹಿಮ ಕಟ್ಟಿದರೆ ವಸಂತದವರೆಗೆ.
ಜಟ್ಲೆಂಡಿನ ದೋಣಿಗಳ ಟಾರಿನ ವಾಸನೆ ಲಕೋಟೆಗೆ.
ಅಕ್ಷರ ದಪ್ಪ, ಮಾತು ಗಿಡ್ಡ:
"ಹೆರಿಂಗ್ ಅಗ್ಗವಾಗಿದೆ.
ಪಾದ್ರಿ ನಿನ್ನನ್ನು ಕೇಳಲಿಲ್ಲ. ನಾನೂ ಹೇಳಲಿಲ್ಲ."

ನಮ್ಮಲ್ಲಿ ಸತ್ತವರ ಪರವಾಗಿ
ಬದುಕಿದವರು ನೀರಿಗೆ ಇಳಿಯುತ್ತಾರೆ.
ಹೆಸರು ಬೇಕು, ಹುಟ್ಟಿದ ದಿನ, ಊರು.
ಕೇಳಿದೆ. ಬಂತು:
"ಮಲಗಿದವರನ್ನು ಎಬ್ಬಿಸಬೇಡ.
ನಿನ್ನ ಅಜ್ಜ ಮುಳುಗಿಯೇ ಸತ್ತವನು.
ಒಂದು ಸಲ ಸಾಲದೆ?"

ಆರು ವರ್ಷ ಕೇಳಿದೆ, ಪ್ರತಿ ಪತ್ರದ ಬುಡದಲ್ಲಿ.
ಮಿಡತೆ ಬಂದು ಹೊಲವನ್ನು ಬೋಳಿಸಿದ ವರ್ಷವೂ,
ಬಿಷಪ್ಪನ ಹತ್ತಿರ ಹಿಟ್ಟು ಕಡ ತಂದ ದಿನವೂ.

ತಂಗಿ ಡೋರ್ತೆಯ ಕರಿಯಂಚಿನ ಕಾಗದ ಮೊದಲು ಬಂತು,
ಅವ್ವ ಹೋದಳೆಂದು.
ಹದಿನಾರು ದಿನ ಕಳೆದು ಅವ್ವನ ಪತ್ರ.
ನಿಧಾನದ ಹಡಗು ಹತ್ತಿತ್ತು.

ಒಳಗೆ ಹದಿನೆಂಟು ಹೆಸರು,
ನೂಲಿನ ಲೆಕ್ಕ ಬರೆಯುವ ಅದೇ ನೇರ ಗೆರೆಯಲ್ಲಿ.
ಮುಳುಗಿದ ಅಜ್ಜ. ಒಂದೇ ಚಳಿಗಾಲಕ್ಕೆ ಹೋದ ಮೂವರು ಅತ್ತೆಯರು.
ಅಪ್ಪ ಯಾರೆಂದು ತಿಳಿಯದ, ಮನೆಯಲ್ಲಿ ಹೆಸರೆತ್ತದ
ಒಬ್ಬ ಸೋದರಮಾವ, ಪೂರ್ತಿ ಹೆಸರಿನ ಸಮೇತ.
ಕೊನೆಗೆ:
ಯೆನ್ಸಿನೆ. ಹನ್ನೊಂದು ದಿನ. ಅಮೆರಿಕದ ಒಂದು ನದಿ.

ಹಾಗಾದರೆ ಓದಿದ್ದಳು,
ಹಾಳೆ ತಿರುಗಿಸಿ, ದೀಪಕ್ಕೆ ಹಿಡಿದು, ಒಂದೊಂದೇ ಎಳೆ ಬಿಡಿಸಿ.
ಎಂಟು ತುಂಬದ ಮಕ್ಕಳಿಗೆ ಆ ಸ್ನಾನ ಬೇಡ
ಅನ್ನುತ್ತದೆ ನಮ್ಮ ಮತ. ಅವ್ವನಿಗೆ ಏನು ಗೊತ್ತು.
ಲೆಕ್ಕದಲ್ಲಿ ಯಾರೂ ಬಿಟ್ಟುಹೋಗಬಾರದು, ಅಷ್ಟೆ.

ಅಡಿಯಲ್ಲಿ ಮೂರು ಸಾಲು:
"ನಾನು ಇದರಲ್ಲಿ ಇಲ್ಲ.
ನನ್ನ ಮಾತು ನಾನೇ ಆಡಿಕೊಳ್ಳುತ್ತೇನೆ.
ಗೋಧಿ ಹೇಗಿದೆ?"

ಹಿಟ್ಟಿನ ಡಬ್ಬಿಯ ತಳದಲ್ಲಿ ಹನ್ನೊಂದು ವರ್ಷ ಇತ್ತು ಆ ಪಟ್ಟಿ.
ಮ್ಯಾಂಟಿಯ ಗುಡ್ಡದ ಮೇಲೆ ದೇವಾಲಯ ಎದ್ದಾಗ
ಗಂಡಸರ ಹೆಸರಿಗೆ ಮಗ ಲೌರಿಟ್ಸ್ ಮುಳುಗಿದ,
ಹೆಂಗಸರ ಹೆಸರಿಗೆ ನಾನು.
ತವರಿನವರು ಒಬ್ಬೊಬ್ಬರೇ ನನ್ನ ಮೈಯಲ್ಲಿ ಒದ್ದೆಯಾದರು.

ಗುಮಾಸ್ತ ಲೇಖನಿ ಅದ್ದಿ ಕೇಳಿದ, ಇನ್ನು ಯಾರಾದರೂ?
ತೊಟ್ಟಿಯ ಕೆಳಗೆ ಹನ್ನೆರಡು ಎತ್ತು
ಅಷ್ಟೂ ನೀರು ಹೊತ್ತು ಉಸಿರಾಡದೆ ನಿಂತಿದ್ದವು.
ಜಡೆಯಿಂದ ಹನಿ ಬೀಳುತ್ತಿತ್ತು.

ಒಬ್ಬಳಿದ್ದಾಳೆ, ಅಂದೆ.
ಕೇಳಿ ಹೇಳುತ್ತೇನೆ.