ನಡುವಿನ ಕಾಗದ

ಹಾಗೆ ಬೆಳಕಿಗೆ ಹಿಡಿದು ಓರೆಯಾಗಿ ನೋಡಬೇಡ ಮಗೂ,
ಗೀರಲ್ಲ ಅದು, ಬೇರೆ.
ಔರಾ ನದಿಯ ದಂಡೆಯ ಈ ಶನಿವಾರದ ಸಂತೆಯಲ್ಲಿ
ನಾನು ಮಾರುವುದು ಉಣ್ಣೆಯ ಕೈಗವಸು, ಒಂದಿಷ್ಟು ಪಿಂಗಾಣಿ.
ಆ ರೆಕಾರ್ಡು ಮಾರಾಟಕ್ಕಲ್ಲ.
ಗಾಳಿಗೆ ಮೇಜಿನ ಬಟ್ಟೆ ಹಾರದಿರಲೆಂದು ಇಟ್ಟಿದ್ದು
ಅಂತ ಹೇಳುತ್ತೇನೆ ಎಲ್ಲರಿಗೂ.

ಹೊದಿಕೆಯ ಮೇಲಿನವಳು ಓರ್ವೊಕ್ಕಿ ಸಾರಿಸ್ಟೊ.
ನಿನ್ನಜ್ಜಿಯನ್ನು ವಿಚಾರಿಸು, ಹೆಸರು ಕೇಳಿದರೆ ಸಾಕು
ಆಗಷ್ಟೇ ತುಟಿಗೆ ಬಣ್ಣ ಹಚ್ಚಿಕೊಂಡವಳ ಮುಖ ಮಾಡುತ್ತಾಳೆ.
ಹಸಿರು ಕೋಟು, ಟ್ರಾಮು ನಿಂತುಹೋದ ಮೇಲೂ ಉಳಿದ ಹಳಿ,
ಹಿಂದೆ ಯಾರದೋ ನಾಯಿ.
ಫೋಟೋದವನ ಲೆಕ್ಕದಲ್ಲಿರಲಿಲ್ಲ ನಾಯಿ, ತಾನೇ ಬಂದು ನಿಂತದ್ದು.

ಇದು ಅವಳ ಎರಡನೆಯದು.
ಮೊದಲನೆಯದನ್ನು ಯಾರೂ ಕೊಳ್ಳಲಿಲ್ಲ.
ಅಂಗಡಿಗಳಿಂದ ಪೆಟ್ಟಿಗೆ ಪೆಟ್ಟಿಗೆ ವಾಪಸು ಬಂತು
ಮಡಿಕೆ ಮುರಿಯದ ಮದುವೆಬಟ್ಟೆಯ ಹಾಗೆ.

ಎಪ್ಪತ್ತಮೂರರ ಚಳಿಗಾಲ, ಎಣ್ಣೆ ಬಾರದ ವರ್ಷ.
ಬೀದಿದೀಪ ಒಂದು ಬಿಟ್ಟು ಒಂದು.
ಕೋಣೆಯ ಕಾವು ಇಳಿಸಿ ಎಂದರು ರೇಡಿಯೋದಲ್ಲಿ.
ನಮ್ಮ ಕಾರ್ಖಾನೆಗೆ ಪ್ಲಾಸ್ಟಿಕ್ಕಿನ ಕಾಳು ಬರುವುದು ನಿಂತಿತು.
ಹಾಡಿಗೂ ಎಣ್ಣೆ ಬೇಕೆಂದು
ಅಲ್ಲಿಯತನಕ ನನಗೆ ಗೊತ್ತೇ ಇರಲಿಲ್ಲ.

ಹಳೆಯದನ್ನು ಅರೆದು ಹೊಸದು ಮಾಡೋಣ, ಎಂದ ಮೇಸ್ತ್ರಿ ರೇನೊ.
ನನ್ನ ಪಾಲಿಗೆ ಬಂದದ್ದು ನಡುವಿನ ಕಾಗದ ಕತ್ತರಿಸುವುದು.
ಕಾಗದ ಸೇರಿದರೆ ಹಾಡು ಕೆಮ್ಮುತ್ತದೆ.
ಕಾಲಲ್ಲಿ ಒತ್ತುವ ಯಂತ್ರ. ತಟ್ಟೆ ಇಡು, ಒತ್ತು, ಟಕ್—
ಹೆಸರು ಈ ಬುಟ್ಟಿಗೆ, ಕಪ್ಪು ಆ ಬುಟ್ಟಿಗೆ.
ದಿನಕ್ಕೆ ಎಂಟುನೂರು ಓರ್ವೊಕ್ಕಿ.
ಸಂಜೆ ನನ್ನ ಜೇಬಲ್ಲಿ ಒಂದಷ್ಟು ಹಳದಿ ಬಿಲ್ಲೆ;
ಮಗಳು ಅವನ್ನೇ ನಾಣ್ಯ ಮಾಡಿ ಅಂಗಡಿಯಾಟ ಆಡುವಳು.
ಒಂದು ಓರ್ವೊಕ್ಕಿಗೆ ಎರಡು ಆಲೂಗಡ್ಡೆ.

ಒಂದು ದಿನ ಅವಳೇ ಬಂದಳು,
ಹೊಸ ಆಲ್ಬಮ್ಮಿನ ಮೊದಲ ಪ್ರತಿ ಕೇಳಲು. ಅದೇ ಹಸಿರು ಕೋಟು.
ತೋಳಿನಲ್ಲೊಂದು ಗುಂಡಿ ಇರಲಿಲ್ಲ.
ಫೋಟೋದಲ್ಲಿ ಆ ಕೈ ಬೆನ್ನ ಹಿಂದಿದೆ, ನೋಡು.
ನನ್ನ ಬುಟ್ಟಿಯ ಮುಂದೆ ನಿಂತು, ಬಗ್ಗಿ,
ತನ್ನ ಹೆಸರೊಂದನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು.
ಯಂತ್ರದ ಮೇಲೇ ಇತ್ತು ನನ್ನ ಕಾಲು. ಒತ್ತಲಾಗಲಿಲ್ಲ.
‘ಕಪ್ಪು ಎಲ್ಲಿಗೆ ಹೋಗುತ್ತದೆ?’
ಆಚೆ ಕೋಣೆಯ ಅಚ್ಚು ತೋರಿಸಿದೆ. ಅಲ್ಲಿ
ಅವಳದೇ ಹೊಸ ಹಾಡು ಬಿಸಿ ಬಿಸಿ ಹೊರಬೀಳುತ್ತಿತ್ತು
ಹೆಂಚಿನಿಂದ ಎದ್ದ ರೊಟ್ಟಿಯ ಹಾಗೆ.

ಅಳುತ್ತಾಳೆ ಅಂದುಕೊಂಡೆ.
ನಕ್ಕಳು. ಹಾಡುವ ದನಿಯಲ್ಲ, ಮೀನುಪೇಟೆಯ ದನಿ.
‘ಹಾಗಾದರೆ ಇದನ್ನು ಎರಡು ಸಲ ಹಾಡಿದೆ,
ದುಡ್ಡು ಕೊಟ್ಟದ್ದು ಒಂದೇ ಸಲ!’
ಆಮೇಲೆ, ಒತ್ತು ಎಂಬಂತೆ, ನನ್ನ ಮೊಣಕಾಲು ಮುಟ್ಟಿದಳು.

ಅವಳು ಹೋದ ಮೇಲೆ ಒಂದೇ ಒಂದು ತಟ್ಟೆಯನ್ನು
ಕಾಗದ ಸಮೇತ ಕಪ್ಪಿನ ಬುಟ್ಟಿಗೆ ಹಾಕಿದೆ.
ತಪ್ಪೆಂದು ಗೊತ್ತಿತ್ತು.
ಯಾರೆಂದು ತಿಳಿಯದೆ ರೇನೊ ಎಲ್ಲರನ್ನೂ ಬೈದ.
ರದ್ದಿಯ ರಾಶಿಯಿಂದ ಇದೊಂದು ಮನೆಗೆ ಬಂತು.

ಎರಡನೇ ಬದಿ, ಮೂರನೇ ಹಾಡು. ಕಪ್ಪಿನೊಳಗೆ
ಅಕ್ಕಿಕಾಳಿನಷ್ಟು ಹಳದಿ, ಅದರಲ್ಲೊಂದು ದುಂಡನೆಯ ಗುರುತು.
ಹೆಸರಿನ ಮೊದಲಕ್ಷರ ಇರಬಹುದು,
ಸೊನ್ನೆಯೂ ಇರಬಹುದು.
ಮುಳ್ಳು ಅಲ್ಲಿಗೆ ಬಂದಾಗ ಸಣ್ಣಗೆ ಪಟ್ ಅನ್ನುತ್ತದೆ.
ಉಳಿದ ಚೂರುಗಳು ಯಾರ ಯಾರ ಮನೆಗೆ ಹೋದವೋ,
ಯಾರು ಯಾರು ತಮ್ಮ ಮುಳ್ಳನ್ನೇ ಬೈದುಕೊಂಡರೋ.

ಹಾಡೇ? ಹಾಡು ಪರವಾಗಿಲ್ಲ.
ದೋಣಿ ತಪ್ಪಿಸಿಕೊಂಡವಳ ಮಾತು. ಅಕಾರ್ಡಿಯನ್ ತುಸು ಜಾಸ್ತಿಯಾಯಿತು.
ಆದರೆ ಆ ಪಟ್ ಆದ ಕೂಡಲೇ
ಅವಳು ಉಸಿರೆಳೆದುಕೊಳ್ಳುವುದು ಕೇಳುತ್ತದೆ,
ಯಾರೋ ಬಾಗಿಲು ತಟ್ಟಿದರೇನೋ ಎಂಬ ಹಾಗೆ.

ಕೈಗವಸು ಬೇಕೇ?
ಹಸಿರು ಒಂದೇ ಜೊತೆ ಉಳಿದಿದೆ.