ಐದನೆಯ ಜೇಬು

ನಾನು ಹೊಲಿಯುವುದು ಐದನೆಯ ಜೇಬು.
ಪ್ಯಾಂಟಿನ ಬಲಗಡೆ, ದೊಡ್ಡ ಜೇಬಿನ ಬಾಯೊಳಗೆ
ಕೂಸಿನ ಹಾಗೆ ಅಂಟಿಕೊಂಡಿರುತ್ತದಲ್ಲ, ಅದು.
ಎರಡು ಬೆರಳು ಇಳಿದರೆ ಹೆಚ್ಚು. ದಿನಕ್ಕೆ ನಾನೂರು.
ಇದರಾಗೆ ಏನಿಡ್ತಾರಣ್ಣ ಅಂತ ಮೇಸ್ತ್ರಿಯನ್ನು ಕೇಳಿದ್ದೆ.
ಇಡೋರ ಚಿಂತೆ ನಿನಗ್ಯಾಕೆ, ಹೊಲಿ, ಅಂದಿದ್ದ.

ಶನಿವಾರ ಬಟವಾಡೆ.
ರಾಯದುರ್ಗದ ಸಂದಿಗಳಲ್ಲಿ ಮಿಷನ್ನುಗಳು
ಒಂದೊಂದಾಗಿ ಬಾಯಿ ಮುಚ್ಚಿದ ಮೇಲೆ
ಕಾಜಾ ಹಾಕುವ ಖಾಜಾಬಿ ಎದ್ದು ನಿಂತಳು:
ನಾಳೆ ಎಲ್ಲಿಗಾದರೂ ಹೋಗೋಣ ಬರ್ರೇ.
ಮದುವೆಗಲ್ಲ, ಆಸ್ಪತ್ರೆಗಲ್ಲ, ಸತ್ತವರ ಮನೆಗಲ್ಲ,
ಸುಮ್ಮನೆ.
ಸುಮ್ಮನೆ ಹೋಗುವುದು ಹೇಗೆ ಅಂತ
ನಮಗ್ಯಾರಿಗೂ ಗೊತ್ತಿರಲಿಲ್ಲ.

ಎರ್ರಿಸ್ವಾಮಿಯ ಆಟೋ. ಇನ್ನೂ ನಸುಕು.
ಮೂವರ ಸೀಟಿನಲ್ಲಿ ಐವರು, ತೊಡೆ ಮೇಲೆ
ಉಗ್ಗಾಣಿ, ಮಿರ್ಚಿ, ನೀರಿನ ಕ್ಯಾನು.
ಊರುಗಳ ಹೆಸರು ಬೋರ್ಡಿನಲ್ಲಿ ತೆಲುಗು, ನಮ್ಮ ಬಾಯಲ್ಲಿ ಕನ್ನಡ,
ರಸ್ತೆಗುಂಡಿಗೆ ಬಿದ್ದಾಗ ಬಂದ ಬೈಗುಳ ಎರಡೂ ಕಲಸಿ.
ಕಣೇಕಲ್ಲು ದಾಟುವಷ್ಟರಲ್ಲಿ ಹಿಂದಿದ್ದ ಕೋಟೆಬೆಟ್ಟ
ಹೆಬ್ಬೆರಳ ಉಗುರಿನಷ್ಟಾಯಿತು.

ಆಮೇಲೆ ಮರಳು.
ಹಗರಿಯ ದಂಡೆಯಿಂದ ಎದ್ದು, ದಿನ್ನೆ ದಿನ್ನೆಯಾಗಿ
ಈಚಲ ಮರಗಳ ಕುತ್ತಿಗೆವರೆಗೂ.
ರಾತ್ರಿಯೆಲ್ಲ ಗಾಳಿ ಕೂತು ಹೊಲಿದ ಹಾಗೆ ಸಾಲು ಸಾಲು ಗೆರೆ,
ಒಂದು ಕಡೆಯೂ ದಾರ ತಪ್ಪಿಲ್ಲ.
ಸಿಂಗಲ್ ನೀಡಲ್, ಅಂದಳು ಪಾಲಾಕ್ಷಿ, ಬಗ್ಗಿ ನೋಡಿ.
ಒಂದು ಕಪ್ಪು ಹುಳ ಅಂಚಿನುದ್ದಕ್ಕೂ
ಓವರ್‌ಲಾಕ್ ಹಾಕುತ್ತಾ ಹೋಯಿತು.

ಜೀಪಿನಲ್ಲಿ ಹುಡುಗರು ಬಂದರು, ಬಳ್ಳಾರಿಯ ಕಡೆಯವರು.
ಆಂಟಿ, ಡೆಸರ್ಟ್ ಎಲ್ಲಿ?
ಡೆಸರ್ಟ್ ಮೇಲೆ ನಿಂತು ನಾವು ಆಚೆ ಈಚೆ ನೋಡಿದೆವು.
ಮೊಣಕಾಲು ಹರಿದ ಪ್ಯಾಂಟು ಅವನದು.
ನನ್ನ ಕಣ್ಣು ಐದನೆಯ ಜೇಬಿಗೇ ಹೋಯಿತು.
ಖಾಲಿ.

ಗೊಬ್ಬರದ ಚೀಲದ ಮೇಲೆ ಕೂತು ಜಾರಿದೆವು.
ನಲವತ್ತರ ನಾನು, ಒಂಬತ್ತು ಸಲ.
ಸೆರಗು ಎಲ್ಲೋ, ಚಪ್ಪಲಿ ಎಲ್ಲೋ,
ಬಿಡ್ರೇ ನನ್ನ, ಬಿಡ್ರೇ ಅಂತ ಕಿರುಚಿದರೆ
ಹಿಡಿದುಕೊಂಡವರು ಯಾರೂ ಇರಲಿಲ್ಲ.

ಸುಂಕಮ್ಮ ಮಾತ್ರ ಮೇಲೇ ಕೂತಿದ್ದಳು,
ಹೆಜ್ಜೆಯಲ್ಲಿ ಏನೋ ಅಳೆಯುತ್ತಾ.
ಅವಳ ತವರು ಇದೇ ಕಡೆ ಅಂತ ಆಗ ನೆನಪಾಯಿತು.
ಇಲ್ಲೇ, ಅಂದಳು. ಇದರ ಅಡಿಗೆ ನಮ್ಮ ಬಾವಿ ಐತೆ,
ಗಡಗಡೆ ಸಮೇತ.
ಚೀಲ ಕೈಯಲ್ಲೇ ಹಿಡಿದು ನಿಂತೆವು.
ಗಾಳಿಯೂ ಒಂದು ಗಳಿಗೆ ಪೆಡಲಿನಿಂದ ಕಾಲು ತೆಗೆಯಿತು.
ಆಳ ಎಷ್ಟಿತ್ತೇ? ಖಾಜಾಬಿ ಮೆಲ್ಲಗೆ.
ಹನ್ನೆರಡಾಳು. ಸೊಂಟಕ್ಕೆ ಬೆಂಡು ಕಟ್ಟಿ
ನಮ್ಮಣ್ಣ ನೂಕತಿದ್ದ. ಬೆಂಡು ಬಿಚ್ಚಿದ ದಿನ
ಹಬ್ಬದಡಿಗೆ ಮಾಡಿದ್ದರು.

ಏನು ಹೇಳಬೇಕು ಅಂತ ನಾವು ಹುಡುಕುತ್ತಿದ್ದಾಗ
ಅವಳು ಸೀರೆ ಎತ್ತಿ ಕಚ್ಚೆ ಹಾಕಿದಳು,
ನಾಲ್ಕು ಹೆಜ್ಜೆ ಹಿಂದೆ ಹೋದಳು,
ಮೂಗು ಹಿಡಿದಳು,
ಧುಮುಕಿದಳು.

ಒಬ್ಬೊಬ್ಬರಾಗಿ ನಾವೂ, ಮೂಗು ಹಿಡಿದು.
ಎರ್ರಿಸ್ವಾಮಿ ಆಟೋದ ಟಾಪಿನ ಮೇಲೆ ನಿಂತು ನೋಡಿದ,
ಆಮೇಲೆ ಅವನೂ.

ಮುಂದಿನ ವಾರ ಕೋಟೆಬೆಟ್ಟ ಅಂತ ಮಾತಾಗಿತ್ತು.
ಅದರ ನೆರಳಲ್ಲೇ ಹುಟ್ಟಿ, ಹೆತ್ತು, ಒಂದು ದಿನವೂ ಹತ್ತಿದವರಲ್ಲ.
ಅರ್ಜೆಂಟ್ ಆರ್ಡರ್ ಬಂತು. ಮೂರು ಸಾವಿರ ಪೀಸು.
ಬೆಟ್ಟ ಎಲ್ಲಿಗೂ ಹೋಗಲ್ಲ ಬಿಡು ಅಂದೆವು.

ಆ ಸೋಮವಾರ ಜಡೆ ಕೊಡವಿದರೆ ಮರಳು,
ಕಿವಿಯಲ್ಲಿ, ಟಿಫಿನ್ ಮುಚ್ಚಳದ ಅಂಚಿನಲ್ಲಿ, ಬಾಬಿನ್ನಿನಲ್ಲಿ.
ಸೂಜಿ ಕರಕರ ಅಂದಿತು.
ಮೇಸ್ತ್ರಿ ಆಚೆ ತಿರುಗಿದಾಗ ಒಂದು ಚಿಟಿಕೆ
ಮೂವತ್ತನಾಲ್ಕು ಸೈಜಿನ ಒಂದು ಜೇಬಿಗೆ ಹಾಕಿ
ಮುಂದಕ್ಕೆ ತಳ್ಳಿದೆ. ಯಾವ ಊರಿಗೋ.

ಮಿಷನ್ನುಗಳ ಸದ್ದಿನ ಮೇಲಿಂದ ಖಾಜಾಬಿ ಕೂಗಿದಳು:
ಸುಂಕೀ, ನೀರು ಹೆಂಗಿತ್ತೇ?
ತಲೆ ಎತ್ತಲಿಲ್ಲ ಅವಳು, ಹೊಲಿಗೆ ನಿಲ್ಲಿಸಲಿಲ್ಲ.
ತಣ್ಣಗಿತ್ತು, ಅಂದಳು.