ಖರಾಬು

ಪಹಣಿಯಲ್ಲಿ ಬರೆದಿದೆ: ಹದಿನೆಂಟು ಗುಂಟೆ,
ಅದರಲ್ಲಿ ಎರಡು ‘ಅ’ ಖರಾಬು.
ಅಂದರೆ ಉಳಲು ಬಾರದ್ದು, ಕಂದಾಯ ಕೇಳದ್ದು,
ಹಳ್ಳಕ್ಕೆ ಜಾರುವ ದಡ.

ನಮ್ಮತ್ತೆ ಅಲ್ಲಿ ಸೊಪ್ಪು ತೊಳೆಯುತ್ತಿದ್ದರಂತೆ,
ಮೀನು ಬೆರಳು ಕಚ್ಚುತ್ತಿದ್ದವಂತೆ.
ನಾನು ಬಂದಾಗ ಅದು ಮೋರಿ.
ಈಗ ಬೋರ್ಡಿನ ಮೇಲೆ ರಾಜಕಾಲುವೆ.
ಹೆಸರು ದೊಡ್ಡದಾದ ಹಾಗೆಲ್ಲ
ನೊರೆಯೂ ದೊಡ್ಡದಾಯಿತು.

ಮೇಸ್ತ್ರಿ ಅಂಜಿನಪ್ಪ ಟೇಪು ಹಿಡಿದು ಬಂದ.
“ಅಕ್ಕಾ, ಸೈಜುಗಲ್ಲು ನಾಲ್ಕು ಲೋಡು, ಒಂದು ವಾರ.
ನೆಟ್ಟಗೆ ಗೋಡೆ ಎತ್ತಿಬಿಡ್ತೀನಿ, ಎರಡು ಗುಂಟೆ ಕೈಗೆ ಸಿಗ್ತದೆ.
ಲೇಔಟಿನವರದು ನೋಡಿ, ಹೆಂಗೆ ನಿಂತದೆ.”

ನೋಡಿದೆ. ನಿಂತಿತ್ತು.
ಅದರ ಬುಡದಲ್ಲಿ ಒಂದು ಕಪ್ಪೆ
ನೆಗೆದು, ಬಿದ್ದು, ನೆಗೆದು,
ಕೊನೆಗೆ ನಮ್ಮ ದಡಕ್ಕೆ ಈಜಿತು.

ನಾನೇನು ಧರ್ಮಾತ್ಮಳಲ್ಲ.
ಎರಡು ಗುಂಟೆಗೆ ಎಷ್ಟು ಶೆಡ್ಡು, ಎಷ್ಟು ಬಾಡಿಗೆ
ಎಂದು ಕರೆಂಟ್ ಬಿಲ್ಲಿನ ಹಿಂದೆ ಲೆಕ್ಕ ಹಾಕಿದವಳೇ.
ಆದರೆ ದಡದ ಮಣ್ಣಿನಲ್ಲೊಂದು ತೂತಿತ್ತು,
ಬಳೆಯಷ್ಟು ಅಗಲ.
ಮಿಂಚುಳ್ಳಿ ಓತಿಕೇತ ಕಚ್ಚಿಕೊಂಡು ಒಳಗೆ ಹೋಗಿ
ಬರಿಗೊಕ್ಕಿನಲ್ಲಿ ಹೊರಗೆ ಬರುತ್ತಿತ್ತು.

“ಮರಿ ಹಾರಲಿ, ಆಮೇಲೆ ಬಾ.”
“ಯಾವಾಗ ಹಾರ್ತದೆ?”
“ನನ್ನ ಕೇಳಿದರೆ?”

ಆ ಮುಂಗಾರಿಗೆ ಲಕ್ಕಿ ಕಡ್ಡಿ ಊರಿದೆ. ಕೊಚ್ಚಿಹೋಯಿತು.
ಮತ್ತೆ ಊರಿದೆ. ಹೂಳೆತ್ತಲು ಬಂದ ಜೆಸಿಬಿ
ತಿರುಗುವಾಗ ತುಳಿಯಿತು.
ಮೂರನೆಯ ಸಲ ಊರುವಾಗ ಯಾರಿಗೂ ಹೇಳಲಿಲ್ಲ.
ಹೊಂಗೆ ನೆಟ್ಟದ್ದು ನಾನು; ಜೊಂಡು ತಾನೇ ಬಂತು,
ಕರೆಯದ ನೆಂಟರ ಹಾಗೆ, ಆದರೆ ಕೆಲಸಕ್ಕೆ ನಿಂತಿತು.
ಬೆಳಿಗ್ಗೆ ಅದರಿಂದ ಬಿಡಿಸುತ್ತೇನೆ
ಹಾಲಿನ ಕವರು, ಗಣಪನ ಹಾರದ ದಾರ,
ಚಪ್ಪಲಿ, ಯಾವಾಗಲೂ ಒಂಟಿ.

ಮೊನ್ನೆ ಅಂಜಿನಪ್ಪ ಬಂದ, ಟೇಪು ತಂದಿರಲಿಲ್ಲ.
ಬೀಡಿ ಹಚ್ಚಿ ಲಕ್ಕಿಯ ನೆರಳಲ್ಲಿ ಕೂತ.
ಖಾಲಿ ತೂತು ತೋರಿಸಿದೆ.
ಕೈ ಹಾಕಿದ; ಮೊಳಕೈವರೆಗೂ ಹೋಯಿತು.
“ಒಳ್ಳೇ ಕೆಲಸ,” ಅಂದ,
ಇನ್ನೊಬ್ಬ ಮೇಸ್ತ್ರಿಯ ಗೋಡೆ ತಟ್ಟಿ ನೋಡಿದವನ ಹಾಗೆ.

ಆಮೇಲೆ ಕೈ ತೊಳೆಯಲು ಹಳ್ಳಕ್ಕೆ ಬಗ್ಗಿದ,
ಮೂಸಿದ,
ಎದ್ದು ಪಂಚೆಗೆ ಒರೆಸಿಕೊಂಡ.